'ಇನ್ಶೂರೆನ್ಸ್ ಇದೆ' ಅಂದ್ರೆ ಸಾಲದು, ಮೊದಲ ಎರಡು ಲಕ್ಷ ಯಾರದ್ದು ಅಂತ ಕೇಳಿ: ವಿದೇಶದಲ್ಲಿ ಬಾಡಿಗೆ ಕಾರು ಹಿಡಿಯುವ ಮುನ್ನ

ಹೋದ ವರ್ಷ ಫೆಬ್ರವರಿಯಲ್ಲಿ ಒಂದು ದಿನ ಬೆಳಗಿನ ಜಾವ ಐದೂವರೆಗೆ ಫೋನ್ ಬಂತು. ಅಜ್ಜಂಪುರದ ಚಿಕ್ಕಪ್ಪನ ಮಗ. ಮದುವೆಯಾಗಿ ಎರಡು ತಿಂಗಳಾಗಿತ್ತು, ಹೆಂಡತಿ ಜೊತೆ ನ್ಯೂಜಿಲೆಂಡ್‌ಗೆ ಹೋಗಿದ್ದ. ಕ್ರೈಸ್ಟ್‌ಚರ್ಚ್ ಏರ್‌ಪೋರ್ಟ್ ಪಕ್ಕದ ಬಾಡಿಗೆ ಕಾರಿನ ಕೌಂಟರಿನಿಂದ ಮಾತಾಡ್ತಿದ್ದ.

"ಅಣ್ಣಾ, ದಿನಕ್ಕೆ ಇನ್ನೂ ಮೂವತ್ತು ಡಾಲರ್ ಕೊಟ್ರೆ ಎಕ್ಸೆಸ್ ಝೀರೋ ಮಾಡ್ತೀವಿ ಅಂತಿದಾರೆ. ತಗೊಳ್ಲಾ, ಬೇಡ್ವಾ? ಬೇಗ ಹೇಳು, ಹಿಂದೆ ಕ್ಯೂ ಇದೆ."

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಪತ್ರಕರ್ತನಾಗಿ ಹತ್ತು ವರ್ಷ ಕಳೆದರೂ ನಮ್ಮ ಮನೆಯಲ್ಲಿ ಕಾರು, ಬೋರ್‌ವೆಲ್ ಮೋಟರ್, ಇನ್ವರ್ಟರ್ ವಿಷಯಕ್ಕೆಲ್ಲ ನನಗೇ ಫೋನು. ನಿದ್ದೆಗಣ್ಣಲ್ಲಿ ಕೇಳಿದೆ, "ಕಾರಿಗೆ ಇನ್ಶೂರೆನ್ಸ್ ಇದೆ ತಾನೇ?" "ಬಾಡಿಗೆಯಲ್ಲೇ ಸೇರಿದೆ ಅಂತಾರೆ." "ಹಂಗಾದ್ರೆ ಬೇಡ ಬಿಡೋ, ದುಡ್ಡು ಕೀಳೋ ದಾರಿ ಅದು" ಅಂದೆ. ಮಗ್ಗುಲು ಬದಲಿಸಿ ಮಲಗಿದೆ.

ನಾಲ್ಕನೇ ದಿನ ಟೆಕಾಪೊ ಸರೋವರದಿಂದ ಮುಂದೆ ಹೋಗುವಾಗ ಎದುರಿನ ಟ್ರಕ್ಕಿನ ಚಕ್ರದಿಂದ ಸಿಡಿದ ಒಂದು ಜಲ್ಲಿಕಲ್ಲು ಮುಂದಿನ ಗಾಜಿಗೆ ಬಡಿಯಿತು. ರಾತ್ರಿ ಚಳಿಗೆ ಬಿರುಕು ಅಡ್ಡಕ್ಕೆ ಬೆಳೆಯಿತು. ಈಗಿನ ಕಾರುಗಳಲ್ಲಿ ಗಾಜಿನ ಹಿಂದೆ ಕ್ಯಾಮೆರಾ ಇರುತ್ತೆ, ಗಾಜು ಬದಲಿಸಿದರೆ ಅದನ್ನೂ ಮತ್ತೆ ಹೊಂದಿಸಬೇಕು. ಎಲ್ಲಾ ಸೇರಿ ಕಂಪನಿ ಅವನ ಕ್ರೆಡಿಟ್ ಕಾರ್ಡಿನಿಂದ 1,900 ನ್ಯೂಜಿಲೆಂಡ್ ಡಾಲರ್ ಎಳೆದುಕೊಂಡಿತು. ನಮ್ಮ ಲೆಕ್ಕದಲ್ಲಿ ಲಕ್ಷಕ್ಕೆ ಸ್ವಲ್ಪ ಕಮ್ಮಿ. ಕಾರಿಗೆ ಇನ್ಶೂರೆನ್ಸ್ ಇತ್ತಲ್ಲ? ಇತ್ತು. ಅವನು ಸಹಿ ಹಾಕಿದ ಕರಾರಿನ ಪ್ರಕಾರ ಆ ಇನ್ಶೂರೆನ್ಸ್ ಕೆಲಸ ಶುರು ಮಾಡುವುದೇ 4,000 ಡಾಲರ್ ಆದ ಮೇಲೆ. ಅಂದರೆ ಮೊದಲ ಎರಡು ಲಕ್ಷ ರೂಪಾಯಿ ಹತ್ತಿರದ ಹಾನಿ ಪೂರ್ತಿ ಬಾಡಿಗೆದಾರನದ್ದು. ಆ ವರ್ಷ ಚಿಕ್ಕಪ್ಪನಿಗೆ ಈರುಳ್ಳಿಯಲ್ಲಿ ಖರ್ಚು ಕಳೆದು ಅಷ್ಟು ಉಳಿದಿರಲಿಲ್ಲ.

ಚಿಕ್ಕಪ್ಪ ಬೈಯಲಿಲ್ಲ, ಅದೇ ಕಷ್ಟ. ಆಮೇಲೆ ಕೂತು ಆ ಕರಾರನ್ನು ಮೊದಲಿಂದ ಕೊನೆವರೆಗೆ ಓದಿದೆ. ಬೇರೆ ಬೇರೆ ದೇಶಗಳ ಕರಾರುಗಳನ್ನೂ ಓದಿದೆ. ಕಡೂರು, ತರೀಕೆರೆ, ಅಜ್ಜಂಪುರದಿಂದ ಈಗ ಮಕ್ಕಳನ್ನು ನೋಡೋಕೆ, ಹನಿಮೂನ್‌ಗೆ, ಸುಮ್ಮನೆ ತಿರುಗಾಡೋಕೆ ಹೊರದೇಶಕ್ಕೆ ಹೋಗುವವರು ನಮ್ಮ ನೆಂಟರಲ್ಲೇ ವರ್ಷಕ್ಕೆ ನಾಲ್ಕೈದು ಮನೆ. ನಾನು ಐದೂವರೆಗೆ ಹೇಳಿದ ತಪ್ಪು ಉತ್ತರವನ್ನು ಅವರಿಗೆ ಇನ್ಯಾರೂ ಹೇಳದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ತಪ್ಪು ಶುರುವಾಗೋದು ಕಡೂರಿನಲ್ಲೇ

ನನ್ನ ತಪ್ಪಿಗೆ ಒಂದು ಕಾರಣ ಇದೆ. ನಮ್ಮ ದೇಶದಲ್ಲಿ ಸ್ವಂತ ಕಾರು ಇಟ್ಟುಕೊಂಡವನಿಗೆ 'ಎಕ್ಸೆಸ್' ಅನ್ನುವ ಪದದ ಭಯವೇ ಇಲ್ಲ. ನಮ್ಮ ಪಾಲಿಸಿಯಲ್ಲೂ ಅದು ಇದೆ, ಕಂಪಲ್ಸರಿ ಡಿಡಕ್ಟಿಬಲ್ ಅಂತ ಸಣ್ಣ ಅಕ್ಷರದಲ್ಲಿ. 1,500 ಸಿಸಿವರೆಗಿನ ಖಾಸಗಿ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000. ಬೀರೂರಿನ ಗ್ಯಾರೇಜಿನಲ್ಲಿ ಬಂಪರ್ ಕೆಲಸ ಮಾಡಿಸಿ ಕ್ಲೇಮ್ ಹಾಕಿದಾಗ ಈ ಸಾವಿರ ರೂಪಾಯಿ ಬಿಲ್ಲಿನಲ್ಲಿ ಎಲ್ಲೋ ಕಳೆದುಹೋಗುತ್ತೆ, ಯಾರೂ ಕೇಳಲ್ಲ. ಹಾಗಾಗಿ 'ಇನ್ಶೂರೆನ್ಸ್ ಇದೆ' ಅಂದರೆ 'ಹಾನಿ ನನ್ನದಲ್ಲ' ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ಹೊರಗೆ ಅದೇ ಪದ, ಅದೇ ಅರ್ಥ, ಆದರೆ ಮೊತ್ತ ನೂರು ಪಟ್ಟು, ಇನ್ನೂರು ಪಟ್ಟು.

ಇನ್ನೊಂದು ಪಾಠವೂ ನಮ್ಮೂರಲ್ಲೇ ಇದೆ, ನಾವು ಕಲಿತಿಲ್ಲ ಅಷ್ಟೇ. ವೈಟ್ ಬೋರ್ಡ್ ಬಾಡಿಗೆ. ಧರ್ಮಸ್ಥಳಕ್ಕೆ, ಮದುವೆ ದಿಬ್ಬಣಕ್ಕೆ, ಕೆಮ್ಮಣ್ಣುಗುಂಡಿಗೆ ಅಂತ ಪರಿಚಯದವರ ಖಾಸಗಿ ಕಾರನ್ನು ದಿನಕ್ಕೆ ಇಷ್ಟು ಅಂತ ಕೊಟ್ಟು ತರುವುದು. ಖಾಸಗಿ ಕಾರಿನ ಪಾಲಿಸಿ ತೆಗೆದು 'ಬಳಕೆಯ ಮಿತಿ' ಅನ್ನುವ ಭಾಗ ನೋಡಿ. ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಓಡಿಸಿದರೆ ರಕ್ಷಣೆ ಇಲ್ಲ ಅಂತ ಬರೆದೇ ಇರುತ್ತೆ. ಕಾನೂನುಬದ್ಧ ಸೆಲ್ಫ್-ಡ್ರೈವ್ ಕಾರಿಗೆ ಬೇರೆ ಪರವಾನಗಿ, ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರದ ನಂಬರ್ ಪ್ಲೇಟ್. ಹಾಗಿಲ್ಲದ ಕಾರಿನಲ್ಲಿ ಅಪಘಾತವಾದರೆ ಕಾರಿನ ಹಾನಿಯ ಕ್ಲೇಮನ್ನು ಕಂಪನಿ ತಳ್ಳಿಹಾಕುವುದು ಮಾಮೂಲು. ಸುಪ್ರೀಂ ಕೋರ್ಟ್ 2008ರ ನಿತಿನ್ ಖಂಡೇಲ್ವಾಲ್ ಪ್ರಕರಣದಲ್ಲೂ 2010ರ ಅಮಲೇಂದು ಸಾಹೂ ಪ್ರಕರಣದಲ್ಲೂ, ಬಾಡಿಗೆಗೆ ಓಡಿಸಿದ ಕಾರಣಕ್ಕೆ ಕ್ಲೇಮನ್ನು ಪೂರ್ತಿ ನಿರಾಕರಿಸುವಂತಿಲ್ಲ, 'ನಾನ್-ಸ್ಟ್ಯಾಂಡರ್ಡ್' ಲೆಕ್ಕದಲ್ಲಿ ಒಂದು ಪಾಲು ಕೊಡಬೇಕು ಅಂದಿತು. ಮೊದಲನೆಯದು ಕಳುವಾದ ಕಾರಿನದು, ಅಲ್ಲಿ ಶೇ 75. ಗಮನಿಸಿ, ಆ ಪಾಲಿಗಾಗಿ ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಅಲೆದಿದ್ದಾರೆ.

ಇದನ್ನು ಯಾಕೆ ಹೇಳಿದೆ ಅಂದರೆ, ಪಾಲಿಸಿ ಇರೋದು ಬೇರೆ, ನಾವು ಮಾಡುವ ಬಳಕೆ ಅದರೊಳಗೆ ಬರೋದು ಬೇರೆ. ವಿದೇಶದ ಬಾಡಿಗೆ ಕಾರಿನ ಕರಾರಿನ ಮುಕ್ಕಾಲು ಭಾಗ ಈ ಎರಡನೆಯದರ ಬಗ್ಗೆಯೇ ಇರುತ್ತೆ.

ಕೌಂಟರಿನಲ್ಲಿ ಏನು ಮಾರುತ್ತಾರೆ

ಮೊದಲಿಗೆ ಬರುವ ಪದ ಸಿಡಿಡಬ್ಲ್ಯು, ಕೊಲಿಷನ್ ಡ್ಯಾಮೇಜ್ ವೇವರ್. ಅಮೆರಿಕದಲ್ಲಿ ಕಳುವನ್ನೂ ಸೇರಿಸಿ ಎಲ್‌ಡಿಡಬ್ಲ್ಯು ಅನ್ನುತ್ತಾರೆ. ಇದು ನಿಜಕ್ಕೂ ಇನ್ಶೂರೆನ್ಸೇ ಅಲ್ಲ. 'ಕಾರಿಗೆ ಹಾನಿಯಾದರೆ ನಿಮ್ಮಿಂದ ವಸೂಲಿ ಮಾಡುವ ಹಕ್ಕನ್ನು ಇಷ್ಟರ ಮೇಲೆ ಬಿಟ್ಟುಕೊಡುತ್ತೇವೆ' ಅಂತ ಬಾಡಿಗೆ ಕಂಪನಿ ಕೊಡುವ ಮಾತು. ಆ 'ಇಷ್ಟು' ಅನ್ನುವುದೇ ಎಕ್ಸೆಸ್. ಮಾತು ಕೊಟ್ಟಿರುವುದು ಷರತ್ತಿನ ಮೇಲೆ. ಕರಾರಿನಲ್ಲಿ ಹೆಸರಿಲ್ಲದವರು ಓಡಿಸಿದ್ದರೆ, ಕುಡಿದಿದ್ದರೆ, ಹೋಗಬಾರದ ರಸ್ತೆಗೆ ಹೋಗಿದ್ದರೆ ಮಾತು ಮುರಿಯಿತು. ಆಗ ಎಕ್ಸೆಸ್ ಅಲ್ಲ, ಇಡೀ ಕಾರಿನ ಬೆಲೆಯೇ ನಿಮ್ಮ ತಲೆಗೆ ಬರಬಹುದು.

ಟೈರು, ಗಾಜು, ಕಾರಿನ ಅಡಿಭಾಗ, ಚಾವಣಿ, ಕೀ ಕಳೆದದ್ದು, ಪೆಟ್ರೋಲ್ ಬದಲು ಡೀಸೆಲ್ ಹಾಕಿದ್ದು: ಇವು ಬಹುಪಾಲು ಕಡೆ ಮೂಲ ಸಿಡಿಡಬ್ಲ್ಯುನಿಂದ ಹೊರಗೆ. ದುಬಾರಿ ಪ್ಯಾಕೇಜ್ ತಗೊಂಡರೂ ಕೆಲವು ಹೊರಗೇ ಉಳಿಯುತ್ತವೆ. ನಮ್ಮ ಹುಡುಗನ ಕರಾರಿನಲ್ಲಿ ಗಾಜು ಒಳಗೇ ಇತ್ತು, ಎಕ್ಸೆಸ್ ಅದನ್ನು ನುಂಗಿತು. ಇನ್ನೊಂದು ಮಾತು, ಎಕ್ಸೆಸ್ ಇರುವುದು ಸಾಮಾನ್ಯವಾಗಿ ಒಂದು ಘಟನೆಗೆ, ಒಂದು ಪ್ರವಾಸಕ್ಕಲ್ಲ. ಸೋಮವಾರ ಗಾಜು, ಗುರುವಾರ ಬಂಪರ್ ಅಂದರೆ ಎರಡು ಲೆಕ್ಕ.

ಕೌಂಟರಿನವರು ದಿನಕ್ಕೆ ಇಷ್ಟು ಅಂತ ಮಾರುವುದು ಈ ಎಕ್ಸೆಸ್ಸನ್ನು ಇಳಿಸುವ ಅಥವಾ ಸೊನ್ನೆ ಮಾಡುವ ಪ್ಯಾಕೇಜ್. ದುಬಾರಿ, ನಿಜ. ಮೂವತ್ತು ಡಾಲರಿನಂತೆ ಒಂಬತ್ತು ದಿನಕ್ಕೆ 270 ಡಾಲರ್, ಹದಿಮೂರು ಸಾವಿರ ರೂಪಾಯಿ ಚಿಲ್ಲರೆ. ಆದರೆ ಅದರಲ್ಲಿ ಒಂದು ಸುಖ ಇದೆ. ಹಾನಿಯಾದರೆ ಕೀ ಕೊಟ್ಟು ಬರುತ್ತೀರಿ, ನಿಮ್ಮ ಕಾರ್ಡಿನಿಂದ ಹಣ ಹೋಗುವುದೇ ಇಲ್ಲ.

ಅಗ್ಗದ ದಾರಿ ಇನ್ನೊಂದಿದೆ: ಬೇರೆ ಕಂಪನಿಯಿಂದ ಪ್ರತ್ಯೇಕವಾಗಿ ಕೊಳ್ಳುವ ಎಕ್ಸೆಸ್ ಇನ್ಶೂರೆನ್ಸ್. ಕಾರು ಬುಕ್ ಮಾಡುವ ವೆಬ್‌ಸೈಟುಗಳಲ್ಲಿ 'ಫುಲ್ ಪ್ರೊಟೆಕ್ಷನ್' ಅಂತ ಕೊನೆಯ ಪುಟದಲ್ಲಿ ಬರುವುದೂ ಬಹುತೇಕ ಇದೇ ಜಾತಿ. ಇಲ್ಲೇ ಜನ ಎಡವುವುದು. ಇದು ಮರುಪಾವತಿ. ಮೊದಲು ನಿಮ್ಮ ಕಾರ್ಡಿನಿಂದ ಬಾಡಿಗೆ ಕಂಪನಿ ಹಣ ಎಳೆಯುತ್ತೆ, ಆಮೇಲೆ ನೀವು ಬಿಲ್ಲು, ಫೋಟೋ, ಕರಾರು ಎಲ್ಲಾ ಕಳಿಸಿ ವಾಪಸ್ ಕೇಳಬೇಕು. ಕೌಂಟರಿನಲ್ಲಿ 'ನಾನು ಆಗಲೇ ಫುಲ್ ಪ್ರೊಟೆಕ್ಷನ್ ತಗೊಂಡಿದೀನಿ' ಅಂದರೆ ಅವರಿಗೆ ಸಂಬಂಧವಿಲ್ಲ, ಡೆಪಾಸಿಟ್ ಕೇಳೇ ಕೇಳುತ್ತಾರೆ. ಜೊತೆಗೆ ಬ್ರಿಟನ್, ಯುರೋಪಿನ ಇಂಥ ಪಾಲಿಸಿಗಳಲ್ಲಿ ಹಲವು ಅಲ್ಲಿನ ನಿವಾಸಿಗಳಿಗೆ ಮಾತ್ರ. ವಿಳಾಸದ ಜಾಗದಲ್ಲಿ ಕಡೂರು ಅಂತ ಹಾಕಿದರೆ ನಡೆಯುತ್ತಾ ಅಂತ ಮೊದಲೇ ಓದಿಕೊಳ್ಳಿ.

ನನಗೆ ಕೇಳಿದರೆ: ಕ್ರೆಡಿಟ್ ಕಾರ್ಡಿನಲ್ಲಿ ಎರಡು ಲಕ್ಷ ಹೋಗಿ ಮೂರು ತಿಂಗಳು ಕಾಯುವ ತಾಕತ್ತಿದ್ದರೆ ಪ್ರತ್ಯೇಕ ಪಾಲಿಸಿ. ಇಲ್ಲದಿದ್ದರೆ, ಅಥವಾ ಜೊತೆಗೆ ವಯಸ್ಸಾದವರಿದ್ದರೆ, ಕೌಂಟರಿನ ಝೀರೋ ಎಕ್ಸೆಸ್ ದುಬಾರಿಯಾದರೂ ಅದೇ ವಾಸಿ. ಎರಡನ್ನೂ ತಗೊಳ್ಳುವುದು ದಂಡ.

ಹಾಗೆಯೇ ಕಾರ್ಡಿನ ವಿಷಯ. ಟ್ರಾವೆಲ್ ಏಜೆಂಟ್ ಕೊಡಿಸಿದ ಫಾರೆಕ್ಸ್ ಕಾರ್ಡ್ ಒಂದೇ ಹಿಡಿದು ಹೋಗಬೇಡಿ. ಡೆಪಾಸಿಟ್‌ಗೆ ಬಹಳಷ್ಟು ಕಂಪನಿಗಳು ಪ್ರೀಪೇಯ್ಡ್ ಕಾರ್ಡ್ ಒಪ್ಪಲ್ಲ. ಬೇಕಾದ್ದು ಕ್ರೆಡಿಟ್ ಕಾರ್ಡ್, ಅದೂ ಓಡಿಸುವವರ ಹೆಸರಿನದ್ದೇ. ಅಪ್ಪನ ಕಾರ್ಡು, ಮಗನ ಲೈಸೆನ್ಸು ಅಂದರೆ ಕಾರು ಸಿಗಲ್ಲ. ಆರ್‌ಬಿಐ 2020ರಲ್ಲಿ ತಂದ ನಿಯಮದಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಬರುತ್ತವೆ. ವಿದೇಶಿ ಬಳಕೆಯನ್ನು ಬ್ಯಾಂಕಿನ ಆಪ್‌ನಲ್ಲಿ ನೀವೇ ಆನ್ ಮಾಡಬೇಕು. ಎಕ್ಸೆಸ್ಸಿನಷ್ಟು ಅಥವಾ ಅದರ ಒಂದು ಭಾಗವನ್ನು ಅವರು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ, ಲಿಮಿಟ್ ಅಷ್ಟಿರಬೇಕು.

ಅಮೆರಿಕಕ್ಕೆ ಹೋಗುವವರು ಇದನ್ನು ಓದಿ

ಬೀರೂರಿನ ನಮ್ಮ ಅತ್ತೆ ಮಾವ ಈ ಡಿಸೆಂಬರಿನಲ್ಲಿ ಮಗಳ ಮನೆಗೆ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದಾರೆ. ಮಾವನಿಗೆ ತಾನೇ ಕಾರು ಓಡಿಸಬೇಕು ಅಂತ ಆಸೆ. ಅವರಿಗೆ ವಿವರಿಸುವಾಗ ನನಗೇ ಆಶ್ಚರ್ಯವಾದ ವಿಷಯ ಒಂದು.

ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಎದುರಿನವರ ಸಾವು, ಗಾಯಕ್ಕೆ ಪಾಲಿಸಿಯ ಹೊಣೆಗೆ ಮೇಲ್ಮಿತಿ ಇಲ್ಲ. ಎದುರಿನವರ ಆಸ್ತಿಯ ಹಾನಿಗೆ ಮಾತ್ರ ಖಾಸಗಿ ಕಾರಿನಲ್ಲಿ 7.5 ಲಕ್ಷದ ಮಿತಿ. ತರೀಕೆರೆ ಪೇಟೆಯಲ್ಲಿ ಓಡುವ ಹಳೇ ಮಾರುತಿಗೂ ಈ ರಕ್ಷಣೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಕೇಳುವ ಕನಿಷ್ಠ ರಕ್ಷಣೆ, 2025ರ ಜನವರಿ 1ರಿಂದ ಹೆಚ್ಚಿಸಿದ ಮೇಲೂ, ಒಬ್ಬರ ಗಾಯ ಅಥವಾ ಸಾವಿಗೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000, ಆಸ್ತಿಗೆ 15,000. ಅಲ್ಲಿನ ಆಸ್ಪತ್ರೆ ಬಿಲ್ಲು ಗೊತ್ತಿರುವವರಿಗೆ ಮೂವತ್ತು ಸಾವಿರ ಎಷ್ಟು ದಿನಕ್ಕೆ ಸಾಲುತ್ತೆ ಅಂತ ಹೇಳಬೇಕಿಲ್ಲ. ಮಿಕ್ಕಿದ್ದು ಓಡಿಸಿದವರ ಹೊಣೆ. 2005ರ ಗ್ರೇವ್ಸ್ ತಿದ್ದುಪಡಿ ಅನ್ನುವ ಫೆಡರಲ್ ಕಾನೂನು ಬಂದ ಮೇಲೆ, ಕಾರಿನ ಮಾಲೀಕ ಅನ್ನುವ ಒಂದೇ ಕಾರಣಕ್ಕೆ ಬಾಡಿಗೆ ಕಂಪನಿಯನ್ನು ಹೊಣೆ ಮಾಡಲು ಬರುವುದಿಲ್ಲ.

ಅಮೆರಿಕದವರಿಗೆ ಇದು ತಲೆನೋವಲ್ಲ, ಅವರ ಸ್ವಂತ ಕಾರಿನ ಪಾಲಿಸಿ ಸಾಮಾನ್ಯವಾಗಿ ಬಾಡಿಗೆ ಕಾರಿಗೂ ಹಿಂಬಾಲಿಸುತ್ತೆ. ನಮ್ಮ ಮಾರುತಿಯ ಪಾಲಿಸಿ ಅಲ್ಲಿಗೆ ಬರಲ್ಲ. ಅದರ ಭೌಗೋಳಿಕ ವ್ಯಾಪ್ತಿ ಭಾರತ, ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನ, ಅಷ್ಟೇ. ಆದ್ದರಿಂದ ಭಾರತದಿಂದ ಹೋದವರಿಗೆ ಅಮೆರಿಕದಲ್ಲಿ ಎಲ್‌ಡಿಡಬ್ಲ್ಯುಗಿಂತ ಮುಖ್ಯವಾದ್ದು ಸಪ್ಲಿಮೆಂಟಲ್ ಲಯಬಿಲಿಟಿ, ಅಂದರೆ ಎದುರಿನವರಿಗಾಗುವ ಹಾನಿಯ ಹೆಚ್ಚುವರಿ ರಕ್ಷಣೆ. ಕಾರು ಪೂರ್ತಿ ಹೋದರೆ ಮೂವತ್ತು ಲಕ್ಷ ಅಂದುಕೊಳ್ಳಿ. ಒಬ್ಬ ಮನುಷ್ಯನಿಗೆ ಪೆಟ್ಟಾದರೆ ಲೆಕ್ಕ ಕೋಟಿಯಲ್ಲಿ. ಜನ ಕಾರಿನ ಗೀರಿಗೆ ಹೆದರಿ ಮೊದಲನೆಯದನ್ನು ತಗೊಂಡು, ಎರಡನೆಯದನ್ನು 'ಬೇಡ' ಅನ್ನುತ್ತಾರೆ.

ಒಂದು ಒಳ್ಳೆ ಸುದ್ದಿ. ಬುಕ್ ಮಾಡುವಾಗ ವಾಸಿಸುವ ದೇಶ 'ಭಾರತ' ಅಂತ ಸರಿಯಾಗಿ ಆರಿಸಿದರೆ ಹಲವು ಬಾರಿ ಈ ಎರಡೂ ಸೇರಿದ ದರವೇ ತೋರಿಸುತ್ತೆ. ಅಮೆರಿಕದಲ್ಲಿರುವ ಮಗ ಅವನ ಖಾತೆಯಿಂದ, ಅವನ ವಿಳಾಸದಿಂದ ಬುಕ್ ಮಾಡಿಕೊಟ್ಟರೆ ಬರಿಗಾರಿನ ದರ ಬರುತ್ತೆ. ಅಗ್ಗ ಅಂತ ಅನಿಸುತ್ತೆ, ಆದರೆ ಅಲ್ಲಿ ಏನೂ ಸೇರಿರಲ್ಲ. ಇನ್ನೊಂದು ಎಚ್ಚರಿಕೆ: ಗೂಗಲ್ ಮಾಡಿದರೆ 'ನಿಮ್ಮ ಕ್ರೆಡಿಟ್ ಕಾರ್ಡಿನಲ್ಲೇ ಬಾಡಿಗೆ ಕಾರಿನ ರಕ್ಷಣೆ ಇದೆ, ಕೌಂಟರಿನಲ್ಲಿ ಬೇಡ ಅನ್ನಿ' ಅನ್ನುವ ಸಲಹೆ ಸಾಲುಗಟ್ಟಿ ಬರುತ್ತೆ. ಅದು ಅಮೆರಿಕದ ಬ್ಯಾಂಕುಗಳು ಕೊಟ್ಟ ಕಾರ್ಡಿನ ಮಾತು. ನಮ್ಮ ಬ್ಯಾಂಕಿನ ಕಾರ್ಡಿನ ಜೊತೆ ಬರುವ ಕಾಗದದಲ್ಲಿ ಹಾಗೆ ಬರೆದಿದ್ದರೆ ಮಾತ್ರ ನಂಬಿ.

ಒಂದೊಂದು ದೇಶ ಒಂದೊಂದು ಥರ

ನ್ಯೂಜಿಲೆಂಡ್ ವಿಚಿತ್ರ. ಅಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯವೇ ಅಲ್ಲ. ಯಾಕೆಂದರೆ 1974ರಿಂದ ಎಸಿಸಿ ಅನ್ನುವ ಸರ್ಕಾರಿ ವ್ಯವಸ್ಥೆ ಅಪಘಾತದ ಗಾಯಕ್ಕೆ, ತಪ್ಪು ಯಾರದ್ದೇ ಆಗಲಿ, ಚಿಕಿತ್ಸೆ ನೋಡಿಕೊಳ್ಳುತ್ತೆ, ಪ್ರವಾಸಿಗರಿಗೂ. ಗಾಯಕ್ಕೆ ಪರಿಹಾರ ಕೇಳಿ ಮೊಕದ್ದಮೆ ಹೂಡುವ ದಾರಿ ಅಲ್ಲಿ ಬಹುಮಟ್ಟಿಗೆ ಮುಚ್ಚಿದೆ. ಹಾಗಾಗಿ ಅಲ್ಲಿ ನಮ್ಮ ಮುಖ್ಯ ಚಿಂತೆ ಕಾರು, ಎದುರಿನವರ ಕಾರು. ಆಸ್ಟ್ರೇಲಿಯಾದಲ್ಲಿ ಗಾಯದ ವಿಮೆ ವಾಹನದ ನೋಂದಣಿ ಜೊತೆಗೇ ಬರುತ್ತೆ, ಆಸ್ತಿಯದ್ದು ಬರಲ್ಲ. ಅಲ್ಲಿ ಕೆಲವು ಕರಾರುಗಳಲ್ಲಿ ಕತ್ತಲಾದ ಮೇಲೆ ಊರ ಹೊರಗೆ ಓಡಿಸಿದರೆ ರಕ್ಷಣೆ ಇಲ್ಲ ಅಂತ ಇರುತ್ತೆ, ಕಾಂಗರೂ ಅಡ್ಡ ಬರುತ್ತವೆ ಅಂತ. ಲಕ್ಕವಳ್ಳಿ ಕಡೆ ರಾತ್ರಿ ಆನೆ ನೋಡಿದವರಿಗೆ ಈ ಷರತ್ತು ಅರ್ಥವಾಗುತ್ತೆ.

ಐಸ್‌ಲ್ಯಾಂಡಿನಲ್ಲಿ ಜಲ್ಲಿಕಲ್ಲಿಗೊಂದು, ಮರಳು ಮತ್ತು ಜ್ವಾಲಾಮುಖಿ ಬೂದಿಗೊಂದು ಬೇರೆ ಬೇರೆ ರಕ್ಷಣೆ ಮಾರುತ್ತಾರೆ. ಹೊಳೆ ದಾಟಿ ಇಂಜಿನ್‌ಗೆ ನೀರು ಹೋದರೆ ಸಾಮಾನ್ಯವಾಗಿ ಯಾವ ಪ್ಯಾಕೇಜೂ ಕೈ ಹಿಡಿಯಲ್ಲ. ಗಾಳಿಗೆ ಬಾಗಿಲು ಮುರಿಯುವುದು ಅಲ್ಲಿ ತಮಾಷೆ ಅಲ್ಲ, ಎರಡೂ ಕೈಯಲ್ಲಿ ಹಿಡಿದು ತೆಗೆಯಿರಿ ಅಂತ ಬೋರ್ಡು ಹಾಕಿರುತ್ತಾರೆ. ದುಬೈನಲ್ಲಿ ಪೊಲೀಸ್ ವರದಿ ಇಲ್ಲದೆ ಸಣ್ಣ ಡೆಂಟನ್ನೂ ಗ್ಯಾರೇಜು ಮುಟ್ಟಲ್ಲ. ಸಣ್ಣದು ಅಂತ ಕೈಕುಲುಕಿ ಬಂದರೆ ವಿಮೆ ಹೋಯಿತು. ಜಪಾನಿನಲ್ಲೂ ಪೊಲೀಸರನ್ನು ಕರೆಯಲೇಬೇಕು. ಜೊತೆಗೆ ಕಾರು ರಿಪೇರಿಯಲ್ಲಿದ್ದ ದಿನಗಳ ನಷ್ಟಕ್ಕೆ ಎನ್‌ಒಸಿ ಅನ್ನುವ ಬೇರೆ ಶುಲ್ಕ ಇದೆ, ಅದು ಸಿಡಿಡಬ್ಲ್ಯು ಒಳಗೆ ಬರಲ್ಲ. ನಮ್ಮಲ್ಲಿ ಎನ್‌ಒಸಿ ಅಂದರೆ ಬೇರೆ, ಗೊಂದಲ ಬೇಡ.

ಲೈಸೆನ್ಸ್ ಸರಿ ಇಲ್ಲದಿದ್ದರೆ ಮೇಲಿನದ್ದೆಲ್ಲ ವ್ಯರ್ಥ

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಐಡಿಪಿ, ಕೊಡುವುದು ಆರ್‌ಟಿಒ. ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ಅರ್ಜಿ ಹಾಕಬಹುದು. ನಮ್ಮ ಭಾಗದವರಿಗೆ ತರೀಕೆರೆಯ ಕೆಎ-66, ಚಿಕ್ಕಮಗಳೂರಿನ ಕೆಎ-18 ಕಚೇರಿಗಳು ಹತ್ತಿರ. ಅರ್ಜಿ ನಮೂನೆ 4-ಎ, ವೈದ್ಯರ ಪ್ರಮಾಣಪತ್ರ 1-ಎ, ಲೈಸೆನ್ಸು, ಪಾಸ್‌ಪೋರ್ಟು, ವೀಸಾ, ಟಿಕೆಟ್ಟಿನ ಪ್ರತಿ ಇಟ್ಟುಕೊಳ್ಳಿ. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಅದಕ್ಕೂ ಮೊದಲೇ ಲೈಸೆನ್ಸ್ ಮುಗಿದರೆ ಇದೂ ಮುಗಿಯಿತು. ಆನ್‌ಲೈನಿನಲ್ಲಿ 'ಇಂಟರ್‌ನ್ಯಾಷನಲ್ ಲೈಸೆನ್ಸ್' ಅಂತ ಮೂರು ವರ್ಷ, ಐದು ವರ್ಷಕ್ಕೆ ಮಾರುವ ಖಾಸಗಿ ಜಾಲತಾಣಗಳಿವೆ, ಅವಕ್ಕೆ ದುಡ್ಡು ಸುರಿಯಬೇಡಿ.

ಐಡಿಪಿ ಒಂದೇ ಇದ್ದರೆ ಬೆಲೆ ಇಲ್ಲ, ಮೂಲ ಲೈಸೆನ್ಸ್ ಕಾರ್ಡ್ ಕೈಯಲ್ಲಿರಬೇಕು. ಡಿಜಿಲಾಕರ್ ತೋರಿಸಿ ಬೀರೂರು ಸರ್ಕಲ್ಲಿನಲ್ಲಿ ಪಾರಾಗಬಹುದು, ಮ್ಯೂನಿಕ್ ಕೌಂಟರಿನಲ್ಲಿ ಆಗಲ್ಲ. ನಮ್ಮ ಐಡಿಪಿ 1949ರ ಜಿನೀವಾ ಒಪ್ಪಂದದ್ದು. ಜಪಾನಿಗೆ ಅದೇ ಬೇಕು, ನಡೆಯುತ್ತೆ. ವಿಯೆಟ್ನಾಂ ಮಾನ್ಯ ಮಾಡುವುದು 1968ರ ಒಪ್ಪಂದದ ಪರ್ಮಿಟನ್ನು, ಹಾಗಾಗಿ ನಮ್ಮದು ಅಲ್ಲಿ ನಡೆಯಲ್ಲ. ಆದರೂ ಅಲ್ಲಿ ಸ್ಕೂಟರ್ ಬಾಡಿಗೆ ಸಿಗುತ್ತೆ, ಯಾರೂ ಕಾಗದ ಕೇಳಲ್ಲ. ಕೇಳುವುದು ಬಿದ್ದ ಮೇಲೆ, ನಿಮ್ಮ ಟ್ರಾವೆಲ್ ಇನ್ಶೂರೆನ್ಸ್ ಕಂಪನಿ. ಥಾಯ್ಲೆಂಡ್, ಬಾಲಿಗೆ ಹೋಗುವ ನಮ್ಮ ಹುಡುಗರಿಗೂ ಇದೇ ಮಾತು: ಲೈಸೆನ್ಸಿನಲ್ಲಿ ಎಲ್‌ಎಂವಿ ಮಾತ್ರ ಇದ್ದು ಸ್ಕೂಟರ್ ಹತ್ತಿದರೆ, ಕಾಲು ಮುರಿದಾಗ ಆಸ್ಪತ್ರೆ ಬಿಲ್ಲೂ ತಿರಸ್ಕೃತವಾಗಬಹುದು.

ಟ್ರಾವೆಲ್ ಇನ್ಶೂರೆನ್ಸ್ ಅಂದ ಕೂಡಲೇ ಇನ್ನೊಂದು ಭ್ರಮೆ. ಅದರಲ್ಲಿ 'ಪರ್ಸನಲ್ ಲಯಬಿಲಿಟಿ' ಅಂತ ಒಂದು ದೊಡ್ಡ ಮೊತ್ತ ಇರುತ್ತೆ. ಅದನ್ನು ನೋಡಿ ಸಮಾಧಾನ ಆಗಬೇಡಿ, ವಾಹನ ಓಡಿಸಿ ಆದ ಹಾನಿ ಸಾಮಾನ್ಯವಾಗಿ ಅದರ ಹೊರಗಿನದ್ದು. ಕೆಲವು ಪಾಲಿಸಿಗಳಲ್ಲಿ ಬಾಡಿಗೆ ಕಾರಿನ ಎಕ್ಸೆಸ್ ಅಂತ ಬೇರೆ ಸಾಲು ಇರುತ್ತೆ, ಇದ್ದರೆ ಮಿತಿ ಎಷ್ಟು ನೋಡಿ. ಭಾರತದ ಕಂಪನಿಯಿಂದ ತಗೊಳ್ಳುವುದರಲ್ಲಿ ಒಂದು ಅನುಕೂಲ ಇದೆ, ಯಾರೂ ಹೇಳಲ್ಲ. ಕ್ಲೇಮ್ ಜಗಳವಾದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಚಿಕ್ಕಮಗಳೂರಿನಲ್ಲೇ, ದೂರು ಹಾಕಬಹುದು. ಕ್ರೈಸ್ಟ್‌ಚರ್ಚಿನ ಕಂಪನಿ ಜೊತೆ ಇಮೇಲಿನಲ್ಲಿ ಜಗಳವಾಡಿ ನೋಡಿದ್ದೇವೆ. ಪ್ರತಿ ಉತ್ತರಕ್ಕೂ ಕರಾರಿನ ಒಂದು ಕಲಂ ನಂಬರ್ ಬರುತ್ತಿತ್ತು, ಅಷ್ಟೇ.

ಕೀ ಕೈಗೆ ಬಂದ ಮೇಲೆ

ಕಾರು ಹತ್ತುವ ಮೊದಲು ಸುತ್ತ ಒಂದು ವಿಡಿಯೊ ಮಾಡಿ. ಚಕ್ರದ ರಿಮ್, ಗಾಜು, ಚಾವಣಿ, ಬಂಪರಿನ ಕೆಳಭಾಗ, ಇಂಧನದ ಮುಳ್ಳು, ಕಿಲೋಮೀಟರ್. ಅವರು ಕೊಡುವ ಚಿತ್ರದ ಹಾಳೆಯಲ್ಲಿ ಇಲ್ಲದ ಗೀರು ಕಂಡರೆ ಹೊರಡುವ ಮುಂಚೆ ಬರೆಸಿ. ನಾಚಿಕೆ ಬೇಡ, ಹಸು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುವವರು ನಾವು. ವಾಪಸ್ ಕೊಡುವಾಗಲೂ ಅಷ್ಟೇ. ರಾತ್ರಿ ಕೌಂಟರ್ ಮುಚ್ಚಿದ ಮೇಲೆ ಡಬ್ಬಿಯಲ್ಲಿ ಕೀ ಹಾಕಿ ಬರುವುದು ಸುಲಭ, ಆದರೆ ಬೆಳಗ್ಗೆ ಅವರು ಪರೀಕ್ಷಿಸುವವರೆಗೆ ಆಗುವುದೆಲ್ಲ ಬಹಳ ಕಡೆ ನಿಮ್ಮ ಲೆಕ್ಕಕ್ಕೇ. ಸಾಧ್ಯವಾದರೆ ಯಾರಾದರೂ ಇರುವಾಗ ಕೊಟ್ಟು, ಹಾನಿ ಇಲ್ಲ ಅಂತ ಕಾಗದದಲ್ಲಿ ತಗೊಳ್ಳಿ.

ಹೆಂಡತಿಯೋ ಗೆಳೆಯನೋ ಸ್ವಲ್ಪ ಹೊತ್ತು ಓಡಿಸಬಹುದು ಅಂತಿದ್ದರೆ ಅವರ ಹೆಸರನ್ನು ಮೊದಲೇ ಸೇರಿಸಿ, ದಿನಕ್ಕೆ ಒಂದಿಷ್ಟು ಹಣ ಹೋದರೂ ಸರಿ. 25 ವರ್ಷದೊಳಗಿನವರಿಗೆ ಬಹುತೇಕ ಕಡೆ ಹೆಚ್ಚುವರಿ ಶುಲ್ಕ, ಕೆಲವು ಕಂಪನಿಗಳಲ್ಲಿ 70, 75 ದಾಟಿದವರಿಗೆ ಕಾರೇ ಇಲ್ಲ. ಮಾವನ ವಯಸ್ಸು ಅರವತ್ತೆಂಟು, ಬಚಾವ್.

ಅಪಘಾತವಾದರೆ ಮೊದಲು ಜನ, ಆಮೇಲೆ ಪೊಲೀಸ್, ಆಮೇಲೆ ಕರಾರಿನಲ್ಲಿರುವ ಸಹಾಯವಾಣಿ. ಫೋಟೋ ತೆಗೆಯಿರಿ, ಎದುರಿನ ಕಾರಿನ ನಂಬರ್, ಚಾಲಕನ ವಿವರ ಬರೆದುಕೊಳ್ಳಿ. ಯುರೋಪಿನಲ್ಲಿ ಇಬ್ಬರೂ ತುಂಬುವ ಅಪಘಾತದ ನಮೂನೆ ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿರುತ್ತೆ. ಅರ್ಥವಾಗದ ಭಾಷೆಯಲ್ಲಿ ಏನು ಬರೆದಿದ್ದರೂ ಸಹಿ ಹಾಕಬೇಡಿ. ನಮ್ಮೂರಿನಂತೆ ಅಲ್ಲೇ ನಿಂತು ಎರಡು ಸಾವಿರ ಕೊಟ್ಟು ಬಗೆಹರಿಸಿಕೊಂಡರೆ ಯಾವ ಕ್ಲೇಮೂ ನಿಲ್ಲಲ್ಲ.

ಮೊನ್ನೆ ಮಾವನಿಗೆ ಕ್ಯಾಲಿಫೋರ್ನಿಯಾದ ಬುಕಿಂಗ್ ನಾನೇ ಮಾಡಿಕೊಟ್ಟೆ, ಬೀರೂರಿನ ವಿಳಾಸ ಹಾಕಿ. ಎಲ್‌ಡಿಡಬ್ಲ್ಯು, ಲಯಬಿಲಿಟಿ ಎರಡೂ ಸೇರಿದ ದರ ಬಂತು. ಎಕ್ಸೆಸ್ ಸೊನ್ನೆ ಅಂತ ಇದ್ದ ಪುಟವನ್ನು ಪ್ರಿಂಟ್ ಹಾಕಿಸಿ ಪಾಸ್‌ಪೋರ್ಟಿನ ಜೊತೆ ಇಟ್ಟಿದ್ದೇನೆ. ಕೌಂಟರಿನಲ್ಲಿ ಅದೇ ರಕ್ಷಣೆಯನ್ನು ಇನ್ನೊಂದು ಹೆಸರಿನಲ್ಲಿ ಮತ್ತೆ ಮಾರಲು ಬಂದರೆ ಆ ಪುಟ ತೋರಿಸಿ ಅಂದಿದ್ದೇನೆ. "ಅನುಮಾನ ಬಂದ್ರೆ ನಿಂಗೆ ಫೋನ್ ಮಾಡ್ಲೇನಪ್ಪಾ?" ಅಂದರು. ಮಾಡಿ ಮಾವ, ಆದರೆ ನಾನು ಎದ್ದು ಮುಖ ತೊಳೆದು ಬರೋವರೆಗೆ ಕಾಯಿರಿ ಅಂದೆ.